ಕರಾವಳಿಗೆ ಹೊರಟಿದ್ದೀರಾ? ಯಾವ ತಿಂಗಳು, ಯಾವ ತೀರ, ಏನೇನು ನೋಡಬಹುದು: ಮಂಗಳೂರಿನಿಂದ ಕಾರವಾರದವರೆಗೆ ಒಂದು ಕೈಪಿಡಿ

ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ಮುಂಬೈನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಸೀಟು ಸಿಗುವುದು ಕಷ್ಟ. ಊರಿಗೆ ಹೋಗುವವರ ಜೊತೆಗೆ ಈಗ ಕರಾವಳಿ ನೋಡಲೆಂದೇ ಹೊರಡುವವರೂ ಸೇರಿಕೊಂಡಿದ್ದಾರೆ. ಆದರೆ ಮೇ ಕೊನೆಯ ವಾರ ಮಲ್ಪೆಗೆ ಬಂದಿಳಿದವರಲ್ಲಿ ಹಲವರಿಗೆ ನಿರಾಸೆ ಕಾದಿರುತ್ತದೆ. ಸೈಂಟ್ ಮೇರಿಸ್ ದ್ವೀಪದ ದೋಣಿ ನಿಂತಿರುತ್ತದೆ. ತೀರದಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ಜಲಕ್ರೀಡೆಯ ಬೋಟ್‌ಗಳು ದಡಕ್ಕೆ ಏರಿರುತ್ತವೆ.

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರು ಜಿಲ್ಲೆಗಳಲ್ಲಿ ನೋಡುವ ಜಾಗಗಳಿಗೆ ಬರವಿಲ್ಲ. ಆದರೆ ಇಲ್ಲಿ ಪ್ರವಾಸದ ಯೋಜನೆ ಶುರುವಾಗಬೇಕಾದದ್ದು ಜಾಗಗಳ ಪಟ್ಟಿಯಿಂದಲ್ಲ, ಕ್ಯಾಲೆಂಡರ್‌ನಿಂದ. ಕಡಲು ಯಾವಾಗ ಕರೆಯುತ್ತದೆ, ಯಾವಾಗ ದೂರ ಇರಿ ಎನ್ನುತ್ತದೆ ಎಂಬುದು ಗೊತ್ತಿದ್ದರೆ ರಜೆಯೂ ಚೆನ್ನ, ಜೀವಕ್ಕೂ ಕ್ಷೇಮ.

ಕಡಲಿನ ಕ್ಯಾಲೆಂಡರ್

ಅಕ್ಟೋಬರ್‌ನಿಂದ ಫೆಬ್ರವರಿ: ಕರಾವಳಿಗೆ ಅತ್ಯುತ್ತಮ ಕಾಲ. ಮಳೆ ಹಿಂದೆ ಸರಿದು ಕಡಲು ಶಾಂತವಾಗಿರುತ್ತದೆ. ದ್ವೀಪಯಾನ, ಸ್ಕೂಬಾ ಡೈವಿಂಗ್, ಕಯಾಕಿಂಗ್ ಎಲ್ಲವೂ ನಡೆಯುತ್ತವೆ. ಯಕ್ಷಗಾನ, ಕಂಬಳಗಳ ಕಾಲವೂ ಇದೇ. ಡಿಸೆಂಬರ್ ಕೊನೆಯ ವಾರ ಮಾತ್ರ ಜನಜಾತ್ರೆ ಇರುವುದರಿಂದ ವಸತಿ ದರ ಏರುತ್ತದೆ.

ಮಾರ್ಚ್‌ನಿಂದ ಮೇ ಮಧ್ಯಭಾಗ: ಬಿಸಿಲು, ಸೆಕೆ ಎರಡೂ ಹೆಚ್ಚು. ಬೆಳಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 4ರ ನಂತರ ತೀರದಲ್ಲಿ ಓಡಾಡಿ, ನಡುಹಗಲು ನೆರಳಿನಲ್ಲಿ ಕಳೆಯುವುದು ಒಳ್ಳೆಯದು. ಮಾವು, ಹಲಸು, ತಾಳೆಹಣ್ಣಿನ ಕಾಲ ಎಂಬುದು ಸಮಾಧಾನ.

ಮೇ ಮಧ್ಯಭಾಗದಿಂದ ಸೆಪ್ಟೆಂಬರ್: ಈ ಅವಧಿಯಲ್ಲಿ ದ್ವೀಪದ ದೋಣಿಗಳು ಸಾಮಾನ್ಯವಾಗಿ ಬಂದ್. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಮೀನುಗಾರರೇ ಕಡಲಿಗಿಳಿಯದ ದಿನಗಳಲ್ಲಿ ಪ್ರವಾಸಿಗರು ಇಳಿಯಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಹಾಗೆಂದು ಮಳೆಗಾಲ ವ್ಯರ್ಥವಲ್ಲ. ಆಗ ನೋಡುವ ಕರಾವಳಿಯೇ ಬೇರೆ. ಅದರ ಬಗ್ಗೆ ಮುಂದೆ ಓದಿ.

ಮಂಗಳೂರು, ಮೂಲ್ಕಿ: ನಗರದ ಪಕ್ಕದ ಅಲೆಗಳು

ಮಂಗಳೂರಿನಲ್ಲಿ ಹೆಚ್ಚು ಜನ ಸೇರುವುದು ಪಣಂಬೂರು ತೀರದಲ್ಲಿ. ಕುಟುಂಬದೊಂದಿಗೆ ಸಂಜೆ ಕಳೆಯಲು, ಚರುಮುರಿ ತಿನ್ನುತ್ತಾ ಬಂದರಿಗೆ ಬರುವ ಹಡಗುಗಳನ್ನು ನೋಡಲು ಹೇಳಿಮಾಡಿಸಿದ ಜಾಗ. ಗದ್ದಲ ಬೇಡ ಎನ್ನುವವರಿಗೆ ತಣ್ಣೀರುಬಾವಿ ಇದೆ. ಅಲ್ಲಿಗೆ ರಸ್ತೆಯಲ್ಲಿ ಸುತ್ತಿ ಬರುವ ಬದಲು ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ಗುರುಪುರ ನದಿ ದಾಟುವ ದೋಣಿ ಹತ್ತಬಹುದು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜನ್ನೂ ನೋಡಿದಂತಾಯಿತು, ಅಗ್ಗದಲ್ಲಿ ದೋಣಿಯಾನವೂ ಆಯಿತು.

ನಗರದಿಂದ ಉತ್ತರಕ್ಕೆ ಸಾಗಿದರೆ ಸುರತ್ಕಲ್ ದೀಪಸ್ತಂಭ, ನಂತರ ಸಸಿಹಿತ್ಲು, ಮೂಲ್ಕಿ. ದೇಶದಲ್ಲಿ ಸರ್ಫಿಂಗ್ ಬೇರೂರಿದ ಜಾಗಗಳಲ್ಲಿ ಮೂಲ್ಕಿ ಮುಖ್ಯವಾದುದು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಗಳು ಸಸಿಹಿತ್ಲು ಮತ್ತು ಪಣಂಬೂರಿನಲ್ಲಿ ನಡೆದಿವೆ. ಹೊಸಬರಿಗೆ ಕಲಿಸುವ ಶಾಲೆಗಳೂ ಇಲ್ಲಿವೆ. ಈಜು ಬಾರದವರು ಶಾಂಭವಿ ನದಿಯ ಹಿನ್ನೀರಿನಲ್ಲಿ ಕಯಾಕ್ ಅಥವಾ ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್‌ನಿಂದ ಆರಂಭಿಸಬಹುದು. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ನೋಡಲು ಚೆಂದ, ಆದರೆ ಈಜಲು ಅಲ್ಲ.

ಉಡುಪಿ ಸುತ್ತಮುತ್ತ: ಎರಡು ದಿನಕ್ಕೂ ಸಾಲದು

ಕರಾವಳಿಗೆ ಮೊದಲ ಬಾರಿ ಬರುವವರು ಉಡುಪಿಯನ್ನು ಕೇಂದ್ರ ಮಾಡಿಕೊಳ್ಳುವುದು ಸುಲಭ. ಕೃಷ್ಣಮಠದ ರಥಬೀದಿಯಿಂದ ಮಲ್ಪೆ ತೀರ ಸುಮಾರು 6 ಕಿ.ಮೀ. ಅಲ್ಲಿಂದ ದೋಣಿಯಲ್ಲಿ ಹೊರಟರೆ ಸೈಂಟ್ ಮೇರಿಸ್ ದ್ವೀಪ. ಯಾರೋ ಕೆತ್ತಿ ಜೋಡಿಸಿಟ್ಟಂತೆ ಕಾಣುವ ಇಲ್ಲಿನ ಕಂಬದಾಕಾರದ ಕಲ್ಲುಗಳು ಲಾವಾರಸ ತಣಿದು ಬಿರಿದಾಗ ರೂಪುಗೊಂಡವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಮತ್ತು ಮಡಗಾಸ್ಕರ್ ಬೇರ್ಪಡುತ್ತಿದ್ದ ಕಾಲದ ಶಿಲೆಗಳಿವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದಿದ್ದ ಎಂಬ ಪ್ರತೀತಿಯೂ ಇದೆ.

ದ್ವೀಪದಲ್ಲಿ ವಸತಿ ಇಲ್ಲ, ಸಂಜೆಯೊಳಗೆ ಮರಳಬೇಕು. ನೆರಳು ಕಡಿಮೆ, ಆದ್ದರಿಂದ ಟೋಪಿ ಮರೆಯಬೇಡಿ. ಪಾಚಿ ಹಿಡಿದ ಬಂಡೆಗಳು ಜಾರುತ್ತವೆ. ಸೆಲ್ಫಿಗಾಗಿ ಅಂಚಿಗೆ ಹೋಗಿ ನೀರಿಗೆ ಬಿದ್ದವರಿದ್ದಾರೆ. ಈಜಲು ಗುರುತಿಸಿದ ಜಾಗ ಬಿಟ್ಟು ಬೇರೆಡೆ ಇಳಿಯುವುದು ಬೇಡ. ಮರಳುವ ಕೊನೆಯ ದೋಣಿ ಯಾವಾಗ ಎಂದು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳಿ.

ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ಸಾಗಿದರೆ ಕಾಪು. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಸಂಜೆ ನಿಗದಿತ ಹೊತ್ತಿನಲ್ಲಿ ಹತ್ತಬಹುದು. ಮೇಲಿನಿಂದ ಒಂದು ಕಡೆ ತೆಂಗಿನ ಹಸಿರು, ಇನ್ನೊಂದು ಕಡೆ ಕಡಲು. ಇನ್ನೂ ಮುಂದಿರುವ ಪಡುಬಿದ್ರಿ ತೀರ ಮಕ್ಕಳಿರುವ ಕುಟುಂಬಗಳಿಗೆ ಅನುಕೂಲ. 2020ರ ಅಕ್ಟೋಬರ್‌ನಲ್ಲಿ ದೇಶದ 8 ಕಡಲತೀರಗಳಿಗೆ ಮೊದಲ ಬಾರಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಅವುಗಳಲ್ಲಿ ಎರಡು ಕರ್ನಾಟಕದವು. ಒಂದು ಪಡುಬಿದ್ರಿ, ಇನ್ನೊಂದು ಹೊನ್ನಾವರದ ಕಾಸರಕೋಡು. ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕ ಸಿಬ್ಬಂದಿ ಮುಂತಾದವನ್ನು ಪರಿಶೀಲಿಸಿ ಈ ಮಾನ್ಯತೆ ಕೊಡಲಾಗುತ್ತದೆ.

ಮಲ್ಪೆಯಿಂದ ಉತ್ತರಕ್ಕೆ ಕಡಲನ್ನು ಒಂದು ಬದಿಗೆ, ನದಿಯನ್ನು ಇನ್ನೊಂದು ಬದಿಗೆ ಇಟ್ಟುಕೊಂಡು ಸಾಗುವ ರಸ್ತೆ ಕೋಡಿ ಬೆಂಗ್ರೆಯಲ್ಲಿ ಕೊನೆಯಾಗುತ್ತದೆ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಈ ಜಾಗವನ್ನು ಪ್ರವಾಸಿಗರು ಡೆಲ್ಟಾ ಬೀಚ್ ಎನ್ನುತ್ತಾರೆ. ಹತ್ತಿರದ ಸಾಲಿಗ್ರಾಮದ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ಸವಾರಿ ಲಭ್ಯ. ಬಿಸಿಲೇರಿದ ಮೇಲೆ ಒಳಾಂಗಣ ಬೇಕೆಂದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದೆ. ಕೋಟದಲ್ಲಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ.

ಕುಂದಾಪುರ, ಮರವಂತೆ: ಹೆದ್ದಾರಿಯೇ ಪ್ರವಾಸ

ಕುಂದಾಪುರ ದಾಟಿ ತ್ರಾಸಿಗೆ ಬರುತ್ತಿದ್ದಂತೆ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ನಡುವೆ ರಸ್ತೆಯಷ್ಟೇ. ಮರವಂತೆಯ ಈ ನೋಟಕ್ಕಾಗಿ ಕಾರು ನಿಲ್ಲಿಸದವರಿಲ್ಲ. ಆದರೆ ವಾಹನಗಳು ವೇಗವಾಗಿ ಸಾಗುವ ಹೆದ್ದಾರಿ ಇದು. ನಿಲುಗಡೆಗೆ ಬಿಟ್ಟ ಜಾಗದಲ್ಲಷ್ಟೇ ನಿಲ್ಲಿಸಿ, ಮಕ್ಕಳ ಕೈ ಹಿಡಿದು ರಸ್ತೆ ದಾಟಿ. ಇಲ್ಲಿ ತೀರ ಕಡಿದಾಗಿದ್ದು, ನೋಟಕ್ಕೆ ಹೆಸರಾಗಿದೆಯೇ ಹೊರತು ಸ್ನಾನಕ್ಕಲ್ಲ.

ಕುಂದಾಪುರದ ಕೋಡಿ ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಬೇಲಿ ಹಾಕಿ ರಕ್ಷಿಸಿದ ಗೂಡು ಕಂಡರೆ ದೂರದಿಂದ ನೋಡಿ. ರಾತ್ರಿ ಟಾರ್ಚ್, ಕ್ಯಾಂಪ್‌ಫೈರ್ ಬೇಡ. ಮರಿಗಳು ಬೆಳಕು ಕಂಡ ಕಡೆಗೆ ತೆವಳುವುದರಿಂದ ಕಡಲಿನ ದಾರಿ ತಪ್ಪುತ್ತವೆ. ಬೈಂದೂರಿನ ಸೋಮೇಶ್ವರ ತೀರ ಮತ್ತು ಮೇಲಿನ ಒತ್ತಿನೆಣೆ ಗುಡ್ಡ ಸೂರ್ಯಾಸ್ತಕ್ಕೆ ಒಳ್ಳೆಯ ಆಯ್ಕೆ. ಕೊಲ್ಲೂರು ಮೂಕಾಂಬಿಕೆಯ ದರ್ಶನಕ್ಕೆ ಬರುವವರು ಇದನ್ನೂ ಸೇರಿಸಿಕೊಳ್ಳಬಹುದು.

ಮುರುಡೇಶ್ವರ, ನೇತ್ರಾಣಿ, ಹೊನ್ನಾವರ

ಮುರುಡೇಶ್ವರದ 123 ಅಡಿ ಎತ್ತರದ ಶಿವನ ವಿಗ್ರಹ, 20 ಅಂತಸ್ತಿನ ರಾಜಗೋಪುರ ಎಲ್ಲರಿಗೂ ಗೊತ್ತು. ಲಿಫ್ಟ್‌ನಲ್ಲಿ ಗೋಪುರದ ಮೇಲೇರಿದರೆ ಮೂರು ದಿಕ್ಕಿಗೂ ಕಡಲು ಕಾಣುತ್ತದೆ. ಇಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಅಕ್ಟೋಬರ್‌ನಿಂದ ಮೇವರೆಗೆ ಸ್ಕೂಬಾ ಡೈವಿಂಗ್ ನಡೆಯುತ್ತದೆ. ತರಬೇತುದಾರರು ಜೊತೆಗಿರುವುದರಿಂದ ಈಜು ಬಾರದವರೂ ಪ್ರಯತ್ನಿಸಬಹುದು. ಆದರೆ ಉಬ್ಬಸ, ಹೃದ್ರೋಗ, ಕಿವಿಯ ತೊಂದರೆ ಇದ್ದರೆ ಮುಚ್ಚಿಡಬೇಡಿ. ಡೈವ್ ಮಾಡಿದ ಮೇಲೆ ಕನಿಷ್ಠ 12ರಿಂದ 18 ಗಂಟೆ ವಿಮಾನ ಹತ್ತಬಾರದು. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು. ದೆಹಲಿ, ಹೈದರಾಬಾದ್‌ಗೆ ವಿಮಾನದಲ್ಲಿ ಮರಳುವವರು ಡೈವಿಂಗ್ ಅನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತದೆ. ಕಾಸರಕೋಡಿನ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ನಡಿಗೆದಾರಿ ಇದೆ. ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಹಿನ್ನೀರಿನಲ್ಲಿ ದೋಣಿ ವಿಹಾರ, ಸಮೀಪದಲ್ಲೇ ಅಪ್ಸರಕೊಂಡ ಜಲಪಾತ.

ಗೋಕರ್ಣದಿಂದ ಕಾರವಾರ

ಗೋಕರ್ಣಕ್ಕೆ ಎರಡು ಮುಖ. ಮಹಾಬಲೇಶ್ವರನ ದರ್ಶನಕ್ಕೆ ಬರುವವರದ್ದು ಒಂದು, ಕಡಲ ದಂಡೆಯಲ್ಲಿ ನಡೆಯಲು ಬರುವವರದ್ದು ಇನ್ನೊಂದು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಜೋಡಿಸುವ ಗುಡ್ಡದ ಕಾಲುದಾರಿ ಅರ್ಧ ದಿನದ ಚಾರಣ. ಬೆಳಗ್ಗೆ ಬೇಗ ಹೊರಟು, ನೀರು ಜೊತೆಗಿಟ್ಟುಕೊಂಡು, ಕತ್ತಲಾಗುವ ಮೊದಲು ಮರಳಬೇಕು. ಮಳೆಗಾಲದಲ್ಲಿ ಈ ದಾರಿ ಜಾರುತ್ತದೆ.

ದಕ್ಷಿಣದ ಅಘನಾಶಿನಿ ಅಳಿವೆ ಪ್ರದೇಶವನ್ನು 2024ರಲ್ಲಿ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಗಿದೆ. ತದಡಿಯಿಂದ ನದಿ ದಾಟುವ ದೋಣಿ ಹತ್ತಿದರೆ ಚಿಪ್ಪು ಆರಿಸುವವರು, ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತದ ಗದ್ದೆಗಳು, ವಲಸೆ ಹಕ್ಕಿಗಳ ಲೋಕ ತೆರೆದುಕೊಳ್ಳುತ್ತದೆ. ಕಾಳುಮೆಣಸಿನ ರಾಣಿ ಎಂದೇ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಮಿರ್ಜಾನ್ ಕೋಟೆ ಇದೇ ನದಿಯ ಸಮೀಪವಿದೆ.

ಗೋಕರ್ಣದಿಂದ ಸುಮಾರು 60 ಕಿ.ಮೀ. ಉತ್ತರಕ್ಕೆ ಕಾರವಾರ. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರನಾಥ ಟ್ಯಾಗೋರ್ ಬಂದು ತಂಗಿದ್ದರು. ಅವರ ಹೆಸರಿನ ಕಡಲತೀರದಲ್ಲಿ ನಿವೃತ್ತ ಯುದ್ಧನೌಕೆ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಮಕ್ಕಳಿಗೆ ಇದು ಅಚ್ಚುಮೆಚ್ಚು. ಕಾಳಿ ನದಿಯ ಆಚೆಗೆ ಸದಾಶಿವಗಡದ ಗುಡ್ಡ, ದೇವಬಾಗ ತೀರ ಇವೆ.

ಸೂರ್ಯ ಮುಳುಗಿದ ಮೇಲೆ

ಕರಾವಳಿಯ ನಿಜವಾದ ಮನರಂಜನೆ ಶುರುವಾಗುವುದು ಕತ್ತಲಾದ ಮೇಲೆ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಆರಂಭವಾಗಿ ಮೇ ಕೊನೆಯ ಭಾಗದ ಪತ್ತನಾಜೆಯವರೆಗೆ ನಡೆಯುತ್ತದೆ. ಕಟೀಲು, ಧರ್ಮಸ್ಥಳ, ಮಂದಾರ್ತಿ ಮೇಳಗಳ ಹರಕೆಯ ಆಟಗಳಿಗೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಇಂದು ಯಾವ ಊರಿನಲ್ಲಿ ಆಟ ಎಂದು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಉಳಿದುಕೊಂಡ ಮನೆಯವರನ್ನು ಕೇಳಿದರೂ ಸಾಕು.

ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರಾಂತ್ಯಗಳಲ್ಲಿ ಕಂಬಳ. ಶನಿವಾರ ಶುರುವಾದ ಓಟ ರಾತ್ರಿಯಿಡೀ ನಡೆದು ಭಾನುವಾರಕ್ಕೆ ಮುಗಿಯುತ್ತದೆ. ಹೊನಲು ಬೆಳಕಿನಲ್ಲಿ ಕೋಣಗಳು ನೀರು ಚಿಮ್ಮಿಸಿ ಓಡುವುದನ್ನು ಕರೆಯ ಬದಿಯಲ್ಲಿ ನಿಂತು ನೋಡಬೇಕು. ಭೂತಕೋಲಕ್ಕೆ ಹೋಗುವ ಅವಕಾಶ ಸಿಕ್ಕರೆ ಅದು ಪ್ರದರ್ಶನವಲ್ಲ, ಆರಾಧನೆ ಎಂಬುದು ನೆನಪಿರಲಿ. ಮನೆಯವರ ಅನುಮತಿಯಿಲ್ಲದೆ ವಿಡಿಯೊ ಮಾಡುವುದು ಸಲ್ಲದು.

ಮಳೆಗಾಲದಲ್ಲಿ ಬಂದರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಬೆನ್ನು ಹಾಕಿ ನೆಲದ ಕಡೆ ನೋಡಿ. ಗದ್ದೆಗಳಲ್ಲಿ ನಾಟಿ, ತೋಟಗಳಲ್ಲಿ ಹಸಿರು. ಹೊನ್ನಾವರದಿಂದ ಸುಮಾರು 60 ಕಿ.ಮೀ. ದೂರದಲ್ಲಿ 253 ಮೀಟರ್ ಎತ್ತರದಿಂದ ಧುಮುಕುವ ಜೋಗದ ಪೂರ್ಣ ರೂಪ ಕಾಣುವುದು ಈ ತಿಂಗಳುಗಳಲ್ಲೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳಲ್ಲಿ ತುಳುನಾಡಿನ ಊರೂರುಗಳಲ್ಲಿ ಕೆಸರುಗದ್ದೆ ಆಟಗಳು ನಡೆಯುತ್ತವೆ. ಪತ್ರೊಡೆ ಸವಿಯುವ ಕಾಲವೂ ಇದೇ. ಶ್ರೀಕೃಷ್ಣ ಜನ್ಮಾಷ್ಟಮಿಗೆ ಉಡುಪಿಯ ವಿಟ್ಲಪಿಂಡಿ ಮತ್ತು ಹುಲಿವೇಷ, ನವರಾತ್ರಿಗೆ ಮಂಗಳೂರಿನ ಕುದ್ರೋಳಿ ದಸರಾ. ಭಾರೀ ಮಳೆಯ ಎಚ್ಚರಿಕೆ ಇದ್ದ ದಿನ ಘಾಟಿ ರಸ್ತೆಗಳಲ್ಲಿ ಗುಡ್ಡ ಕುಸಿತದ ಭಯವಿರುತ್ತದೆ. ಅಂಥ ದಿನ ಜಲಪಾತಕ್ಕಿಂತ ಬಿಸಿ ಗೋಳಿಬಜೆಯೇ ಲೇಸು.

ಊಟದ ವಿಷಯದಲ್ಲೂ ಕ್ಯಾಲೆಂಡರ್ ಮುಖ್ಯ. ನಿಷೇಧದ ಎರಡು ತಿಂಗಳು ತಾಜಾ ಕಡಲ ಮೀನು ಕಡಿಮೆ, ಬೆಲೆ ಹೆಚ್ಚು. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ ಸವಿಯಲು ಮಳೆಗಾಲ ಮುಗಿದ ನಂತರದ ತಿಂಗಳುಗಳು ಉತ್ತಮ. ನೀರ್ ದೋಸೆ, ಕೋರಿ ರೊಟ್ಟಿ, ಗಡ್‌ಬಡ್ ಐಸ್‌ಕ್ರೀಂಗೆ ಮಾತ್ರ ಕಾಲದ ಹಂಗಿಲ್ಲ.

ನೀರಿಗಿಳಿಯುವ ಮುನ್ನ

2024ರ ಡಿಸೆಂಬರ್‌ನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸದ ಉತ್ತಮ ಕಾಲ. ಅಂದರೆ ಕ್ಯಾಲೆಂಡರ್ ಸರಿಯಿದ್ದರಷ್ಟೇ ಸಾಲದು, ಆ ದಿನದ, ಆ ಹೊತ್ತಿನ ಕಡಲನ್ನೂ ಓದಬೇಕು.

ಹೆಚ್ಚಿನ ಅಪಾಯ ಎತ್ತರದ ಅಲೆಗಳಿಂದಲ್ಲ, ಒಳಸೆಳೆತದಿಂದ. ದಡಕ್ಕೆ ಬಂದ ನೀರು ಒಂದು ಕಿರಿದಾದ ಕಾಲುವೆಯಂತೆ ಮರಳಿ ಕಡಲಿಗೆ ನುಗ್ಗುತ್ತದೆ. ಆ ಭಾಗದಲ್ಲಿ ಅಲೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುವುದರಿಂದ ಹೊಸಬರು ಅದನ್ನೇ ಸುರಕ್ಷಿತ ಎಂದುಕೊಳ್ಳುತ್ತಾರೆ. ಸೆಳೆತಕ್ಕೆ ಸಿಕ್ಕರೆ ನೇರ ದಡದ ಕಡೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡ ಸೇರಿ. ಈಜಲಾಗದಿದ್ದರೆ ಮಲಗಿದಂತೆ ತೇಲುತ್ತಾ ಕೈಯೆತ್ತಿ ಸಹಾಯ ಕೇಳಿ. ಮುಳುಗುತ್ತಿರುವವರನ್ನು ಕಂಡು ತಾವೂ ಹಾರಿ ಜೀವ ಕಳೆದುಕೊಂಡವರು ಕಡಿಮೆಯಿಲ್ಲ. ಹಗ್ಗ, ಟ್ಯೂಬ್, ಖಾಲಿ ಕ್ಯಾನ್ ಏನಾದರೂ ಎಸೆದು ಜೀವರಕ್ಷಕರನ್ನು ಕೂಗಿ.

ಇನ್ನು ಕೆಲವು ಅಂಶಗಳು ಗಮನದಲ್ಲಿರಲಿ:

- ಕೆಂಪು ಬಾವುಟ ಇದ್ದಲ್ಲಿ ನೀರಿಗಿಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಜೀವರಕ್ಷಕರ ನಿಗಾದಲ್ಲಿರುತ್ತದೆ.
- ನದಿ ಕಡಲು ಸೇರುವ ಅಳಿವೆಯಲ್ಲಿ ಎಂದೂ ಈಜಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಗೆಳೆಯುತ್ತದೆ.
- ಭರತ, ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ಏರಿಳಿತ ಹೆಚ್ಚು. ಬಂಡೆಗಳ ಮೇಲೆ ಹೋದವರು ನೀರು ಏರಿ ಸಿಕ್ಕಿಬೀಳಬಹುದು.
- ಏಪ್ರಿಲ್, ಮೇನಲ್ಲಿ ಗಾಳಿಯಿಲ್ಲದ ದಿನವೂ ದೂರದ ದಕ್ಷಿಣ ಹಿಂದೂ ಮಹಾಸಾಗರದಿಂದ ಬರುವ ಉಬ್ಬರದ ಅಲೆಗಳು ದಿಢೀರ್ ದಡಕ್ಕೆ ನುಗ್ಗುವುದುಂಟು. ಹೈದರಾಬಾದ್‌ನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಈ ಬಗ್ಗೆ ಮುನ್ಸೂಚನೆ ಕೊಡುತ್ತದೆ.
- ಮದ್ಯ ಸೇವಿಸಿ, ಕತ್ತಲಲ್ಲಿ ಅಥವಾ ಒಬ್ಬರೇ ನೀರಿಗಿಳಿಯುವುದು ಬೇಡ. ಬೋಟ್‌ನಲ್ಲಿ ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ.
- ತುರ್ತು ಸಂಖ್ಯೆಗಳು: ಪೊಲೀಸ್, ಆಂಬುಲೆನ್ಸ್ 112, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554.

ತಲುಪುವುದು ಹೇಗೆ, ಎಷ್ಟು ದಿನ ಬೇಕು?

ಮುಂಬೈನ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಕೊಂಕಣ ರೈಲು ಮಾರ್ಗದಲ್ಲಿ ಕಾರವಾರ, ಕುಮಟಾ, ಕುಂದಾಪುರ, ಉಡುಪಿ ಮೂಲಕ ಮಂಗಳೂರು ಸೇರುತ್ತದೆ. ಪುಣೆಯವರು ಪನ್ವೇಲ್‌ನಲ್ಲಿ ಹತ್ತಬಹುದು. ದೆಹಲಿಯ ಹಜರತ್ ನಿಜಾಮುದ್ದೀನ್‌ನಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್, ಚೆನ್ನೈನಿಂದ ಮಂಗಳೂರು ಮೇಲ್ ಮತ್ತು ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಇವೆ. ಹೈದರಾಬಾದ್‌ನ ಕಾಚಿಗುಡದ ರೈಲು ಮುರುಡೇಶ್ವರದವರೆಗೆ ವಿಸ್ತರಣೆಯಾಗಿದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಪ್ರತ್ಯೇಕ ವೇಳಾಪಟ್ಟಿ ಇದ್ದು, ರೈಲುಗಳ ವೇಗ ಕಡಿಮೆಯಿರುತ್ತದೆ. ಟಿಕೆಟ್‌ನ ಸಮಯ ಮತ್ತೊಮ್ಮೆ ನೋಡಿಕೊಳ್ಳಿ. ವಿಮಾನದಲ್ಲಿ ಬರುವವರಿಗೆ ದಕ್ಷಿಣದ ಭಾಗಕ್ಕೆ ಮಂಗಳೂರು, ಕಾರವಾರಕ್ಕೆ ಗೋವಾ ಹತ್ತಿರ.

ಮೂರು ದಿನ ಇದ್ದರೆ ಉಡುಪಿಯಲ್ಲೇ ಉಳಿದು ಮಲ್ಪೆ, ಕಾಪು, ಕೋಡಿ ಬೆಂಗ್ರೆ, ಮರವಂತೆ ನೋಡಿ. ಐದು ದಿನ ಇದ್ದರೆ ಮುರುಡೇಶ್ವರ, ಹೊನ್ನಾವರ ಸೇರಿಸಿ. ಒಂದು ವಾರ ಸಿಕ್ಕರೆ ಮಂಗಳೂರಿನಲ್ಲಿ ಇಳಿದು, ಹೆದ್ದಾರಿ 66ರಲ್ಲಿ ನಿಧಾನವಾಗಿ ಉತ್ತರಕ್ಕೆ ಸಾಗಿ ಕಾರವಾರದಲ್ಲಿ ರೈಲು ಹತ್ತಿ. ಒಂದೇ ದಿನ ಆರು ತೀರ ಮುಗಿಸುವ ಅವಸರ ಬೇಡ.

ಮೇ ರಜೆಯಲ್ಲೇ ಬರಬೇಕಾದವರು ತಿಂಗಳ ಮೊದಲ ವಾರವನ್ನೇ ಆರಿಸಿಕೊಂಡರೆ ದ್ವೀಪಕ್ಕೆ ಹೋಗಿಬರುವ ಅವಕಾಶ ಹೆಚ್ಚು. ತೀರಕ್ಕೆ ಬಂದ ಮೇಲೆ ನೀರು ಹೇಗಿದೆ ಎಂದು ಅಲ್ಲಿ ಬಲೆ ಹೆಣೆಯುತ್ತಾ ಕೂತ ಮೊಗವೀರರನ್ನೋ, ಖಾರ್ವಿಗಳನ್ನೋ ಒಮ್ಮೆ ಕೇಳಿ. ಅವರು ಇವತ್ತು ಬೇಡ ಎಂದರೆ ಮರಳಿನ ಮೇಲೆ ಕೂತು ಸೂರ್ಯಾಸ್ತ ನೋಡಿ. ಅದಕ್ಕೆ ಯಾವ ತಿಂಗಳೂ ನಿಷೇಧವಿಲ್ಲ.